ಎಂಎಸ್‌ಡಬ್ಲ್ಯು (ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ, ವ್ಯಸನಮುಕ್ತಿ ಕೇಂದ್ರದಲ್ಲಿ ಕೌನ್ಸೆಲರ್ ಕೆಲಸ ಸಿಕ್ಕಿದೆ. ಸೇರಬಹುದಾ?

ಸೇರಿ. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಆ ಕೇಂದ್ರವನ್ನು ಒಂದು ಸಲ ಕಣ್ಣಾರೆ ನೋಡಿಕೊಂಡು ಬನ್ನಿ. ಯಾಕೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ.

ನೀವು ಮೂರು ವಿಷಯ ಕೇಳಿದ್ದೀರಿ. ಅಲ್ಲಿ ದಿನವಿಡೀ ಏನು ಕೆಲಸ ಇರುತ್ತೆ, ಹೆಣ್ಣುಮಕ್ಕಳಿಗೆ ಭಯ ಇಲ್ವಾ, ನಿಜವಾಗಿ ಎಷ್ಟು ಜನ ಕುಡಿತ ಬಿಡುತ್ತಾರೆ. ಜೊತೆಗೆ ನಿಮ್ಮ ಅಮ್ಮ "ಓದಿಸಿದ್ದು ಕುಡುಕರ ಸಾವಾಸ ಮಾಡೋಕಾ" ಅಂದಿದ್ದನ್ನೂ ಬರೆದಿದ್ದೀರಿ. ಹನ್ನೆರಡು ವರ್ಷದ ಹಿಂದೆ ನನ್ನ ಅಮ್ಮನೂ ಹೆಚ್ಚುಕಡಿಮೆ ಇದನ್ನೇ ಅಂದಿದ್ದರು. ನಾನು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಅಂದರೆ ಮಾನಸಿಕ ಆರೋಗ್ಯ ವಿಭಾಗದ ಸಮಾಜ ಕಾರ್ಯಕರ್ತೆ. ಮೊದಲ ಏಳು ವರ್ಷ ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿದ್ದೆ. ಈಗ ಹಳೇ ಮೈಸೂರು ಕಡೆಯ ಒಂದು ತಾಲ್ಲೂಕಿನಲ್ಲಿ ಓಪಿಡಿ ನೋಡುತ್ತೇನೆ.

ಕೌನ್ಸೆಲಿಂಗ್ ಅಂದರೆ ಬುದ್ಧಿ ಹೇಳೋದು ಅಂತ ಜನ ಅಂದುಕೊಂಡಿದ್ದಾರೆ. "ನೀವಾದ್ರೂ ನಾಲ್ಕು ಬುದ್ಧಿಮಾತು ಹೇಳಿ ಮೇಡಂ" ಅಂತ ಪ್ರತಿ ಮನೆಯವರೂ ಕೇಳುತ್ತಾರೆ. ನಮ್ಮ ಹತ್ತಿರ ಬರುವಷ್ಟರಲ್ಲಿ ಆ ಮನುಷ್ಯನಿಗೆ ಹೆಂಡತಿ, ತಾಯಿ, ಬೀಗರು, ಊರ ಹಿರಿಯರು, ಮಠದ ಸ್ವಾಮಿಗಳು ಎಲ್ಲರೂ ಬುದ್ಧಿ ಹೇಳಿ ಆಗಿರುತ್ತೆ. ಕುಡಿತ ಕೆಟ್ಟದ್ದು ಅನ್ನೋದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಮ್ಮ ಕೆಲಸ ಕೇಳುವುದು, ಕೇಳಿದ್ದನ್ನು ಸರಿಯಾಗಿ ಕೇಸ್ ಶೀಟಿನಲ್ಲಿ ಬರೆಯುವುದು.

ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು?" ಉತ್ತರ ಯಾವಾಗಲೂ "ಸ್ವಲ್ಪಾನೇ ಮೇಡಂ, ಒಂದ್ ಕ್ವಾಟ್ರು." ಕ್ವಾರ್ಟರ್ ಅಂದರೆ 180 ಮಿ.ಲೀ. ಮಾಮೂಲಿ ವಿಸ್ಕಿಯಾದರೆ ಅದರಲ್ಲಿ ಹತ್ತಿರ ಹತ್ತಿರ 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ. ಬೆಳಿಗ್ಗೆ ಕೈ ನಡುಗುತ್ತೆ ಅಂತ ಕುಡಿಯುವ ನೈಂಟಿಯನ್ನು ಅವರು ಲೆಕ್ಕಕ್ಕೇ ಹಿಡಿಯಲ್ಲ, ಅದು ಅವರ ಪ್ರಕಾರ ಔಷಧಿ. ಎರಡನೇ ಪ್ರಶ್ನೆ ಇದಕ್ಕಿಂತ ಮುಖ್ಯ: "ಕೊನೇ ಸಲ ತಗೊಂಡಿದ್ದು ಯಾವಾಗ?"

ಈ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಿದ್ದು ಮೂಳೆ ವಾರ್ಡಿನಲ್ಲಿ. ಲಾರಿ ಡ್ರೈವರ್ ಒಬ್ಬರು ಕಾಲು ಮುರಿದುಕೊಂಡು ಸೇರಿದ್ದರು. ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಸಂಜೆ ಮಲಗಿದಲ್ಲೇ ಗಾಡಿ ಓಡಿಸೋಕೆ ಶುರು ಮಾಡಿದರು. ಎಡಗೈ ಗಾಳಿಯಲ್ಲಿ ಗೇರ್ ಹಾಕುತ್ತಿತ್ತು, ಬಲಗೈ ಇಲ್ಲದ ಸ್ಟೇರಿಂಗ್ ತಿರುಗಿಸುತ್ತಿತ್ತು. ನಡುನಡುವೆ ಕ್ಲೀನರ್‌ಗೆ ಬೈಯುತ್ತಿದ್ದರು, ಹೊದಿಕೆ ಮೇಲಿಂದ ಇರುವೆ ಕೊಡವುತ್ತಿದ್ದರು. ಇರುವೆ ಒಂದೂ ಇರಲಿಲ್ಲ. ಮೈಯೆಲ್ಲ ಬೆವರು. ಅವರ ತಾಯಿ ಗಾಳಿ ಸೋಕಿದೆ ಅಂತ ತಲೆದಿಂಬಿನ ಕೆಳಗೆ ಬೇವಿನ ಸೊಪ್ಪು ಇಟ್ಟಿದ್ದರು. ಹದಿನೈದು ವರ್ಷದಿಂದ ದಿನಾ ಕುಡಿಯುತ್ತಿದ್ದ ಮನುಷ್ಯ. ಅಡ್ಮಿಷನ್ ಹೊತ್ತಿನಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಕೇಸ್ ಶೀಟಿನಲ್ಲಿ ಒಂದು ಸಾಲೂ ಇರಲಿಲ್ಲ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ವರ್ಷಾನುಗಟ್ಟಲೆ ದಿನಾ ಜಾಸ್ತಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ ಬರುತ್ತೆ. ಅದಕ್ಕೂ ಮುಂಚೆ ಕೆಲವರಿಗೆ ಫಿಟ್ಸ್ ಬರುತ್ತೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಅವತ್ತು ಸಿಸ್ಟರ್ ಒಬ್ಬರು ಅನುಮಾನ ಬಂದು ನಮಗೆ ಫೋನ್ ಮಾಡಿದರು. ಡಾಕ್ಟರು ಗ್ಲೂಕೋಸ್ ಡ್ರಿಪ್ ತಡೆದು ಮೊದಲು ಥಯಮಿನ್ (ವಿಟಮಿನ್ ಬಿ1) ಕೊಟ್ಟರು, ಆಮೇಲೆ ನರಗಳನ್ನು ಶಾಂತ ಮಾಡುವ ಲೊರಾಜೆಪಾಮ್. ಎರಡು ದಿನ ಬಿಟ್ಟು ಹೋದಾಗ ಆಸಾಮಿ ಕೂತು ಇಡ್ಲಿ ತಿನ್ನುತ್ತಿದ್ದರು. ಗೇರ್ ಹಾಕಿದ್ದು ಏನೂ ನೆನಪಿಲ್ಲ.

ಅದಕ್ಕೇ "ದೇವ್ರಾಣೆ ಇವತ್ತಿಂದ್ಲೇ ಬಿಟ್ಬಿಡ್ತೀನಿ" ಅಂದವರನ್ನು ಕಂಡರೆ ಮನೆಯವರಿಗೆ ಖುಷಿ, ನಮಗೆ ಗಾಬರಿ. ನವೆಂಬರ್ ಬಂತೆಂದರೆ ಅಯ್ಯಪ್ಪ ಮಾಲೆ ಹಾಕುವವರು ಒಂದೇ ಏಟಿಗೆ ನಿಲ್ಲಿಸುತ್ತಾರೆ. ಮಾಲೆ ಹಾಕಿದ ಎರಡನೇ ದಿನ ಕಪ್ಪು ಪಂಚೆಯಲ್ಲೇ ಫಿಟ್ಸ್ ಬಂದು ನಮ್ಮಲ್ಲಿಗೆ ಬಂದವರಿದ್ದಾರೆ. ಮಾಲೆ ಹಾಕಬೇಡಿ ಅಂತ ನಾನು ಯಾರಿಗೂ ಹೇಳಲ್ಲ. ಹಾಕುವ ಮುಂಚೆ ಒಂದು ವಾರ ಬಂದು ಮಾತ್ರೆ ತಗೊಳ್ಳಿ ಅಂತೀನಿ. ನೀವೂ ಸೇರಿದ ಮೇಲೆ ನಿಮ್ಮದೇ ಒಂದು ಕ್ಯಾಲೆಂಡರ್ ಬೆಳೆಯುತ್ತೆ. ಶ್ರಾವಣದಲ್ಲಿ ಬಿಡುವವರು, ಯುಗಾದಿ ಮಾರನೇ ದಿನ ಹೊಸತೊಡಕಿಗೆ ಮತ್ತೆ ಶುರು ಮಾಡುವವರು, ಊರ ಜಾತ್ರೆ, ನಾದಿನಿ ಮದುವೆ, ಪಂಚಾಯ್ತಿ ಎಲೆಕ್ಷನ್. ಹೊಸತೊಡಕಿನ ಮುಂಚಿನ ವಾರ ನಾನು ಕೂತು ಹಳಬರಿಗೆಲ್ಲ ಫೋನ್ ಮಾಡುತ್ತೇನೆ. "ನಾಳಿದ್ದು ಬಾಡೂಟಕ್ಕೆ ಯಾರ ಮನೆಗೆ ಹೋಗ್ತೀರಿ, ಯಾರ ಪಕ್ಕ ಕೂತ್ಕೋತೀರಿ, ಒಬ್ರು ಲೋಟ ಚಾಚಿದ್ರೆ ಏನಂತೀರಿ?" ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಮಾಡೋದು ಇಷ್ಟೇ.

ಇನ್ನು ಮನೆಯವರು. ನಿಮ್ಮ ಅರ್ಧ ದಿನ ಅವರ ಜೊತೆಗೇ ಹೋಗುತ್ತೆ. ಒಂದು ಸಲ ಗಂಡ ಟೀ ಕುಡಿಯಲು ಹೊರಗೆ ಹೋಗುವುದನ್ನೇ ಕಾದಿದ್ದು, ಒಬ್ಬ ಹೆಂಗಸು ಸೆರಗಿನ ಗಂಟಿನಿಂದ ಮಾತ್ರೆ ಶೀಟ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಡೈಸಲ್ಫಿರಾಮ್. ಯಾರೋ ಕೊಟ್ಟು, "ಸಾರಿಗೆ ಹಾಕಿ, ಅವ್ರಿಗೆ ಗೊತ್ತಾಗಲ್ಲ" ಅಂದಿದ್ದರಂತೆ. ಈ ಮಾತ್ರೆ ತಗೊಂಡ ಮೇಲೆ ಕುಡಿದರೆ ಹೊಟ್ಟೆಗೆ ಹೋದ ಆಲ್ಕೋಹಾಲ್ ಪೂರ್ತಿ ಕರಗದೆ ಅರ್ಧಕ್ಕೇ ನಿಂತು ವಿಷವಾಗುತ್ತೆ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿ.ಪಿ. ಬಿದ್ದುಹೋಗಬಹುದು. ಗೊತ್ತಿದ್ದು, ಒಪ್ಪಿ, ಡಾಕ್ಟರ ಕಣ್ಗಾವಲಿನಲ್ಲಿ ತಗೊಂಡರೆ ಇದು ಒಳ್ಳೇ ಔಷಧ. ಗೊತ್ತಿಲ್ಲದೆ ಹಾಕಿದರೆ ಕೊಲೆಯಷ್ಟೇ ಅಪಾಯ. ನಾನು ಬೈಯೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮಕ್ಕಳ ನೆನಪಾಗಿ, "ಮಕ್ಕಳೂ ಅದೇ ಸಾರು ಉಂಡ್ರಾ?" ಅಂದೆ. "ಇಲ್ಲ ಮೇಡಂ, ಅವಕ್ಕೆ ಬೇರೆ ಚಿಕ್ಕ ಪಾತ್ರೇಲಿ ಮಾಡ್ತಿದ್ದೆ. ರುಚಿ ಗೊತ್ತಾಗುತ್ತಾ ಅಂತ ಮೊದ್ಲು ನಾನೇ ತಿಂದ್ ನೋಡ್ದೆ." ಮೂರು ತಿಂಗಳು ದಿನಾ ಎರಡು ಸಾರು. ನಾನು ಬಾಯಿ ಮುಚ್ಚಿಕೊಂಡೆ. ಆ ಶೀಟನ್ನು ಡಾಕ್ಟರಿಗೆ ಕೊಟ್ಟು, ಗಂಡನಿಗೆ ಹೇಗೆ ಹೇಳೋದು ಅಂತ ಮೂವರೂ ಕೂತು ಯೋಚಿಸಿದೆವು. ಕೊನೆಗೆ ಹೇಳಿದ್ದು ಆಕೆಯೇ.

ಭಯದ ವಿಷಯ ಬೇಗ ಮುಗಿಸುತ್ತೇನೆ. ಒಬ್ಬರೇ ಕೂತು ಮಾತಾಡುವಾಗ ಬಾಗಿಲ ಪಕ್ಕದ ಕುರ್ಚಿ ನಿಮ್ಮದಾಗಿರಲಿ, ಕುಡಿದು ಬಂದವರ ಹತ್ತಿರ ವಾದ ಬೇಡ, ನೀವು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಅಟೆಂಡರ್ ಇರಲಿ. ಹನ್ನೆರಡು ವರ್ಷದಲ್ಲಿ ನನಗೆ ಬಿದ್ದಿದ್ದು ಒಂದೇ ಏಟು. ಅದೂ ಒಬ್ಬರ ಅತ್ತೆ ಅಳಿಯನಿಗೆ ಬೀಸಿದ್ದು, ಗುರಿ ತಪ್ಪಿತು. ಸಂಬಳ ಕಡಿಮೆ, ಅದಕ್ಕೆ ಸಕ್ಕರೆ ಸವರೋದಿಲ್ಲ. ಖಾಸಗಿ ನಂಬರ್ ಮಾತ್ರ ಯಾರಿಗೂ ಕೊಡಬೇಡಿ. ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರಲ್ಲಿ ಶುರುವಾಗಿದ್ದು, ಕನ್ನಡದಲ್ಲೇ ಮಾತಾಡುತ್ತಾರೆ. ಅದನ್ನು ಚೀಟಿಯಲ್ಲಿ ಬರೆದು ಕೊಡಿ. ಇನ್ನೊಂದು ಮಾತು. ಎಂಎಸ್‌ಡಬ್ಲ್ಯು ಮಾಡಿದ ನೀವು ಕೌನ್ಸೆಲರ್, ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ. ಅದಕ್ಕೆ ಬೇರೆ ಓದು, ರಿಹ್ಯಾಬಿಲಿಟೇಷನ್ ಕೌನ್ಸಿಲ್‌ನ ನೋಂದಣಿ ಬೇಕು. ಕೇಂದ್ರದವರು ನಿಮ್ಮ ಬಾಗಿಲಿಗೆ ಆ ಬೋರ್ಡ್ ಹಾಕಿಸಿದರೆ ತೆಗೆಸಿ. ಎರಡು ವರ್ಷ ಕೆಲಸ ಮಾಡಿ ಇದೇ ದಾರಿ ಅನ್ನಿಸಿದರೆ ನಿಮ್ಹಾನ್ಸ್‌ನಂಥ ಕಡೆ ಮುಂದಿನ ಓದು ನೋಡಿ. ಎಂಫಿಲ್ ನಿಯಮಗಳು ಬದಲಾಗುತ್ತಿವೆ, ಆಯಾ ವರ್ಷದ ಪ್ರಕಟಣೆ ಓದಿ ಅರ್ಜಿ ಹಾಕಿ.

ಎಷ್ಟು ಜನ ಬಿಡುತ್ತಾರೆ? ಈ ಲೆಕ್ಕದ ಹುಚ್ಚು ನನಗೂ ಇತ್ತು. ಅದರಿಂದ ಒಬ್ಬರಿಗೆ ನಾನೇ ಕೆಡುಕು ಮಾಡಿದೆ.

ಬಡಗಿ ಕೆಲಸದ ಒಬ್ಬರು ನಮ್ಮಲ್ಲಿ ಸೇರಿ, ಬಿಟ್ಟು, ಹದಿನಾಲ್ಕು ತಿಂಗಳು ಒಂದು ಹನಿ ಮುಟ್ಟಿರಲಿಲ್ಲ. ವಾರ್ಡಿಗೆ ಒಂದು ಬೀರುವಿನ ಬಾಗಿಲು ಸರಿ ಮಾಡಿಕೊಟ್ಟಿದ್ದರು, ದುಡ್ಡು ತಗೊಳ್ಳಲಿಲ್ಲ. ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೆ ಕಾರ್ಯಕ್ರಮ ಇತ್ತು. "ನಿಮ್ಮನ್ನು ನೋಡಿ ನಾಲ್ಕು ಜನ ಕಲೀತಾರೆ" ಅಂತ ಅವರನ್ನು ವೇದಿಕೆ ಹತ್ತಿಸಿದೆ. ಶಾಲು, ಪೇಟ, ಹಣ್ಣಿನ ಬುಟ್ಟಿ. ಫೋಟೋ ಪೇಪರಿನಲ್ಲಿ ಬಂತು. ಮುಂದಿನ ತಿಂಗಳ ಫಾಲೋ ಅಪ್‌ಗೆ ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಏಳು ತಿಂಗಳಾದ ಮೇಲೆ ಅವರ ತಮ್ಮ ಆಟೋದಲ್ಲಿ ಕರೆತಂದರು. ಕಣ್ಣು ಅರಿಶಿನ, ಹೊಟ್ಟೆಯಲ್ಲಿ ನೀರು, ಕಾಲು ಬಾವು. ಕಾರ್ಯಕ್ರಮ ಆಗಿ ಎರಡೇ ವಾರಕ್ಕೆ ಮತ್ತೆ ಶುರುವಾಗಿತ್ತಂತೆ. "ಆವಾಗ್ಲೇ ಬರಬಾರದಿತ್ತಾ?" ಅಂತ ಕೇಳಿದೆ. "ಶಾಲು ಹೊದಿಸ್ಕೊಂಡ್ ಮೇಲೆ ಹೆಂಗ್ ಬರೋದು ಮೇಡಂ?" ಅಂದರು.

ಶಾಲು ಹಾಕಿಸಿದ್ದು ನಾನು. ಅವರಿಗೆ ಅದು ಬೇಕಿರಲಿಲ್ಲ, ನನಗೆ ಬೇಕಿತ್ತು. ವರ್ಷವಿಡೀ ದುಡಿದದ್ದಕ್ಕೆ ತೋರಿಸಲು ಒಬ್ಬರು ಬೇಕಿತ್ತು.

ಸಕ್ಕರೆ ಕಾಯಿಲೆಯವರಿಗೆ ಒಮ್ಮೆ ಶುಗರ್ ಏರಿದರೆ ನಾವು ಚಿಕಿತ್ಸೆ ಸೋತಿತು ಅನ್ನಲ್ಲ, ಮಾತ್ರೆ ಹೆಚ್ಚುಕಡಿಮೆ ಮಾಡುತ್ತೇವೆ. ಇಲ್ಲೂ ಅಷ್ಟೇ. ಬಿಡೋದು, ಜಾರೋದು, ಮತ್ತೆ ಬಿಡೋದು ಈ ಕಾಯಿಲೆಯ ನಡೆ. ಆ ಬಡಗಿ ಈಗಲೂ ಬರುತ್ತಾರೆ. ಎರಡು ತಿಂಗಳು ಸರಿ ಇರುತ್ತಾರೆ, ಒಂದೊಂದು ಸಲ ವಾಸನೆ ಹೊತ್ತೇ ಬರುತ್ತಾರೆ. ಬಂದ ದಿನ ತೂಕ ನೋಡುತ್ತೇವೆ, ರಕ್ತ ತೆಗೆಯುತ್ತೇವೆ, ಮುಂದಿನ ತಾರೀಕು ಬರೆದು ಕೊಡುತ್ತೇವೆ. ಬರುವವರೇ ಕಡಿಮೆ ಅನ್ನೋದು ಗಮನದಲ್ಲಿರಲಿ. ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ವರದಿ ಪ್ರಕಾರ, ಕುಡಿತಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನ ನಿಮ್ಮ ಕುರ್ಚಿವರೆಗೂ ಬಂದೇ ಇಲ್ಲ.

ಈಗ ಕೇಂದ್ರ ನೋಡಿ ಬನ್ನಿ ಅಂದಿದ್ದು ಯಾಕೆ ಅಂತ. ನಾನು ನಡುವೆ ಒಂದು ಖಾಸಗಿ ಕಡೆ ಹದಿನೇಳು ದಿನ ಕೆಲಸ ಮಾಡಿದೆ. ಹೆಸರು ಬೇಡ. ರಾತ್ರಿ ವ್ಯಾನ್ ಕಳಿಸಿ ಮನೆಯಿಂದ ಜನರನ್ನು ಎತ್ತಿಕೊಂಡು ಬರುತ್ತಿದ್ದರು. ಡಾಕ್ಟರು ಬೋರ್ಡಿನ ಮೇಲೆ ಮಾತ್ರ ಇದ್ದರು. ಮಾತು ಕೇಳದವರಿಗೆ ಒಂದು ಬೀಗದ ಕೋಣೆ. ಹದಿನೆಂಟನೇ ದಿನ ನಾನು ಹೋಗಲಿಲ್ಲ, ಸಂಬಳವೂ ಬರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕುಡಿತ, ಡ್ರಗ್ಸ್ ಸಮಸ್ಯೆಯೂ ಸೇರಿದೆ. ಅದರ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಮಾಡಿಸಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ, ಒಂಟಿಯಾಗಿ ಕೂಡಿಹಾಕುವಂತಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸತ್ತಿದ್ದನ್ನು ನಿಮ್ಮ ಕ್ಲಾಸಿನಲ್ಲೂ ಹೇಳಿರುತ್ತಾರೆ ಅಲ್ವಾ?

ಆದ್ದರಿಂದ ನೋಂದಣಿ ಪತ್ರ ಕೇಳಿ ನೋಡಿ. ಸೈಕಿಯಾಟ್ರಿಸ್ಟ್ ಯಾವ ವಾರ ಬರುತ್ತಾರೆ ಅಂತ ಆಫೀಸಿನಲ್ಲಿ ಕೇಳಬೇಡಿ, ಅಡುಗೆಯವರನ್ನು ಕೇಳಿ. ರೋಗಿಗಳಿಗೆ ಮನೆಗೆ ಫೋನ್ ಮಾಡಲು ಬಿಡುತ್ತಾರಾ, ಬಾಗಿಲುಗಳಿಗೆ ಚಿಲಕ ಯಾವ ಕಡೆಯಿದೆ ಅಂತ ನೀವೇ ನೋಡಿ. ಸಾಧ್ಯವಾದರೆ ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ನನ್ನ ಅಮ್ಮ ಒಂದು ಸಲ ಊಟದ ಡಬ್ಬಿ ಕೊಡಲು ವಾರ್ಡಿಗೆ ಬಂದು, ಅಲ್ಲಿದ್ದ ಇನ್ನೊಬ್ಬರ ತಾಯಿ ಜೊತೆ ಎರಡು ಗಂಟೆ ಕೂತಿದ್ದರು. ಆಮೇಲೆ "ಸಾವಾಸ" ಅನ್ನೋ ಪದ ನಮ್ಮ ಮನೆಯಲ್ಲಿ ಕೇಳಿಸಲಿಲ್ಲ.

ಮತ್ತೆ ಇಂಟರ್ವ್ಯೂ ಮಾಡಿದವರನ್ನು ನೀವೂ ಒಂದು ಪ್ರಶ್ನೆ ಕೇಳಿ: "ಡಿಸ್ಚಾರ್ಜ್ ಆದವರು ಕುಡಿದು ವಾಪಸ್ ಬಂದ್ರೆ ಏನ್ ಮಾಡ್ತೀರಿ?" "ಅಂಥವ್ರನ್ನ ಗೇಟ್ ಒಳಗೇ ಬಿಡಲ್ಲ" ಅಂತ ಹೆಮ್ಮೆಯಿಂದ ಹೇಳಿದರೆ, ಬೇರೆ ಕಡೆ ಅರ್ಜಿ ಹಾಕಿ.