ಅದು ಲಾಟರಿಯಲ್ಲ, ಗೆಳೆಯರೇ

ಪತ್ರ: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 58 ಪಂದ್ಯ ಗೆದ್ದು ಎಲ್ಲರಿಗಿಂತ ಮೇಲಿದ್ದ ನನ್ನ ಮಿಲ್ವಾಕಿ ಬಕ್ಸ್, 2023ರ ಪ್ಲೇಆಫ್‌ನ, ಅಂದರೆ ಲೀಗ್ ಮುಗಿದ ಮೇಲಿನ ನಾಕೌಟ್‌ನ, ಮೊದಲ ಸುತ್ತಿನಲ್ಲೇ ಎಂಟನೇ ಸೀಡ್ (ಗುಂಪಿನ ಎಂಟನೇ ಶ್ರೇಯಾಂಕದ) ಮಯಾಮಿ ಹೀಟ್ ಎದುರು 4-1 ಪಂದ್ಯಗಳಿಂದ ಸೋತಿತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಆರು ತಿಂಗಳ ದುಡಿಮೆ ಐದೇ ಪಂದ್ಯದಲ್ಲಿ ಮಣ್ಣುಪಾಲು. ಪ್ಲೇಆಫ್ ಅನ್ನೋದೇ ಲಾಟರಿ. ಲೀಗ್‌ನಲ್ಲಿ ಮೊದಲು ಬಂದವರಿಗೇ ಕಪ್ ಕೊಟ್ಟು ಮುಗಿಸಬಾರದಾ?
– ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಡ್ಯ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಮೊದಲ ಪಂದ್ಯದಲ್ಲೇ ಬಕ್ಸ್ ತಾರೆ ಯಾನಿಸ್ ಬೆನ್ನಿಗೆ ಪೆಟ್ಟು ಬಿತ್ತು, ಮುಂದಿನ ಎರಡು ಪಂದ್ಯ ಆಡಲಾಗಲಿಲ್ಲ. ಐದನೇ ಪಂದ್ಯದ ಕೊನೆಯಲ್ಲಿ ಟೈಮ್‌ಔಟ್ (ಆಟ ನಿಲ್ಲಿಸಿ ತಂಡದ ಜೊತೆ ಮಾತಾಡುವ ಅವಕಾಶ) ಇದ್ದರೂ ಬಕ್ಸ್ ಕೋಚ್ ತೆಗೆದುಕೊಳ್ಳಲಿಲ್ಲ. ಇಷ್ಟು ಒಪ್ಪಿದೆ.

ಆದರೆ ಲಾಟರಿ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ಅದೇ ಐದನೇ ಪಂದ್ಯದಲ್ಲಿ ಯಾನಿಸ್ 23 ಫ್ರೀ ಥ್ರೋಗಳಲ್ಲಿ 13 ಕಳೆದುಕೊಂಡರು. ಎದುರಿಗೆ ಕೈ ಅಡ್ಡ ಹಿಡಿಯುವವರು ಯಾರೂ ಇಲ್ಲದ ಎಸೆತ ಅದು. ಬಕ್ಸ್ ಸೋತದ್ದು ಎರಡೇ ಪಾಯಿಂಟಿಗೆ, 128-126. ಇದರಲ್ಲಿ ಅದೃಷ್ಟದ ಮಾತೆಲ್ಲಿ ಬಂತು?

ಗೆದ್ದವರು ಯಾರು ಅಂತ ಒಮ್ಮೆ ನೋಡಿ. ಜಿಮ್ಮಿ ಬಟ್ಲರ್ 13ನೇ ವಯಸ್ಸಿಗೇ ಮನೆಯಿಂದ ಹೊರಬಿದ್ದ ಹುಡುಗ. ದೊಡ್ಡ ಕಾಲೇಜುಗಳು ಕರೆಯಲಿಲ್ಲ, ಅಲ್ಲಿನ ಎರಡು ವರ್ಷದ ಜೂನಿಯರ್ ಕಾಲೇಜಿನಿಂದ ಮೇಲೆ ಬಂದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2011ರಲ್ಲಿ, ಅವರದು 30ನೇ ಹೆಸರು, ಅಂದರೆ ಮೊದಲ ಸುತ್ತಿನ ಕಟ್ಟಕಡೆಯದು. ಅವರು ನಾಲ್ಕನೇ ಪಂದ್ಯದಲ್ಲಿ 56, ಐದನೆಯದರಲ್ಲಿ 42 ಪಾಯಿಂಟ್ ಹೊಡೆದರು. ಉಳಿದವರದು ಇನ್ನೂ ಕಷ್ಟದ ಕತೆ. ಗೇಬ್ ವಿನ್ಸೆಂಟ್, ಮ್ಯಾಕ್ಸ್ ಸ್ಟ್ರೂಸ್, ಕೇಲಬ್ ಮಾರ್ಟಿನ್, ಡಂಕನ್ ರಾಬಿನ್ಸನ್, ಈ ನಾಲ್ವರನ್ನು ಡ್ರಾಫ್ಟ್‌ನಲ್ಲಿ ಯಾವ ತಂಡವೂ ಆರಿಸಲೇ ಇಲ್ಲ. ಸ್ಟ್ರೂಸ್ ಶಿಕಾಗೊ ಬುಲ್ಸ್‌ನಲ್ಲಿ ಎರಡೇ ಪಂದ್ಯ ಆಡಿ, ಮಂಡಿಗೆ ಪೆಟ್ಟು ಮಾಡಿಕೊಂಡು ಹೊರಗೆ ಬಂದವರು. ಮಯಾಮಿಗೆ ಪ್ಲೇಆಫ್ ಬಾಗಿಲು ತೆರೆದದ್ದು ಅದೇ ಶಿಕಾಗೊವನ್ನು ಸೋಲಿಸಿದ ಮೇಲೆ. ಅವತ್ತು ಸ್ಟ್ರೂಸ್ ಹೊಡೆದದ್ದು 31. ಓದಿದಾಗ ನನಗೆ ಕಣ್ಣು ತುಂಬಿತು.

ಐದನೇ ಪಂದ್ಯದ ಆ ಕೊನೇ ಕ್ಷಣ ನೀವೂ ನೋಡಿರುತ್ತೀರಿ. ಮಯಾಮಿ ಎರಡು ಪಾಯಿಂಟ್ ಹಿಂದೆ. ಗೆರೆಯಾಚೆ ನಿಂತ ವಿನ್ಸೆಂಟ್ ಚೆಂಡನ್ನು ರಿಂಗಿನ ಹತ್ತಿರಕ್ಕೆ ಎತ್ತಿ ಹಾಕಿದರು. ಬಟ್ಲರ್ ಗಾಳಿಯಲ್ಲೇ ಹಿಡಿದು, ಕೆಳಗೆ ಬೀಳುತ್ತಲೇ ಒಳಗೆ ತಳ್ಳಿದರು. 118-118, ಓವರ್‌ಟೈಮ್. ಯಾರಿಗೂ ಬೇಡವಾದವನು ಎಸೆದ, ಕೊನೆಯಲ್ಲಿ ಆಯ್ಕೆಯಾದವನು ಹಿಡಿದ.

15 ವರ್ಷ ಸತತವಾಗಿ ರಣಜಿ ಗೆದ್ದಿದ್ದ ಬಾಂಬೆಯನ್ನು 1974ರ ಸೆಮಿಫೈನಲ್‌ನಲ್ಲಿ ಕರ್ನಾಟಕ ಹೊರಗಟ್ಟಿತಲ್ಲ, ಪ್ರಸನ್ನ ಮತ್ತು ನಮ್ಮ ಮೈಸೂರಲ್ಲೇ ಹುಟ್ಟಿದ ಚಂದ್ರಶೇಖರ್ ಆಡಿದ ತಂಡ. ಬಾಂಬೆಯವರು ಅದನ್ನು ಲಾಟರಿ ಅಂದಿದ್ದರೆ ನಾವು ಸುಮ್ನಿರುತ್ತಿದ್ದೆವಾ?

ನನ್ನ ನಿಜವಾದ ಸಂಕಟ ಬೇರೆ ಇದೆ. ನಮ್ಮ ಮಂಡ್ಯ, ಮೈಸೂರಿನ ಹುಡುಗರಿಗೆ ಇಂಥ ಎರಡನೇ ಬಾಗಿಲೇ ಇಲ್ಲ. ನಮ್ಮ ಬಡಾವಣೆಯ ಕೋರ್ಟಿನಲ್ಲಿ ಒಬ್ಬ ಹುಡುಗ ಆಡುತ್ತಿದ್ದ. ನೆಟ್ ಇಲ್ಲದ ರಿಂಗು, ಸವೆದು ನುಣ್ಣಗಾದ ಚೆಂಡು. ಫ್ರೀ ಥ್ರೋಗೆ ಮುಂಚೆ ಅಂಗೈಯನ್ನು ಚಡ್ಡಿಗೆ ಎರಡು ಸಲ ಒರೆಸಿಕೊಳ್ಳುತ್ತಿದ್ದ, ಆಮೇಲೆ ಎಸೆದದ್ದು ತಪ್ಪುತ್ತಿದ್ದದ್ದು ಕಡಿಮೆ. ಒಂದು ಆಯ್ಕೆಗೆ ಹೋದಾಗ ಗೋಡೆಗೆ ನಿಲ್ಲಿಸಿ ಎತ್ತರ ಅಳೆದು ವಾಪಸ್ ಕಳಿಸಿದರು. ಚೆಂಡು ಮುಟ್ಟೋಕೂ ಬಿಡಲಿಲ್ಲ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಟ್ಯೂಷನ್. ಅಪ್ಪ ಶೂ ಎತ್ತಿ ಅಟ್ಟಕ್ಕೆ ಹಾಕಿದರು. ಆಮೇಲೆ ಅವನು ನಾಲ್ಕು ಇಂಚು ಬೆಳೆದ. ಕರೆಯುವವರು ಯಾರೂ ಇರಲಿಲ್ಲ.

ಹದಿನಾಲ್ಕು, ಹದಿನೈದಕ್ಕೇ ಒಬ್ಬನ ಆಟ ಮುಗಿಯಿತು ಅಂತ ತೀರ್ಮಾನಿಸುವುದು ಅನ್ಯಾಯ. ಅಂಕಪಟ್ಟಿ ನೋಡಿ ಮಕ್ಕಳನ್ನು ಬದಿಗೆ ತಳ್ಳುವ ಶಾಲೆಗಳದೂ ಇದೇ ಬುದ್ಧಿ, ಕ್ಯಾಂಪಸ್ ಆಯ್ಕೆಗೆ ಬರುವ ಕಂಪನಿಗಳದೂ ಇದೇ. ಮೊದಲು ಬಂದವರಿಗೇ ಕಪ್ ಕೊಟ್ಟು ಮುಗಿಸಿ ಅಂತ ನೀವು ಬರೆದದ್ದು ನನಗೆ ಇದಕ್ಕೇ ಚುಚ್ಚಿತು. ಅಷ್ಟು ಚೆನ್ನಾಗಿ ಆಟ ಬಲ್ಲ ನೀವು ಹೀಗೆ ಬರೆಯಬಾರದಿತ್ತು.

ನೀವು ಕಾಲೇಜಿನಲ್ಲಿ ಇದ್ದೀರಿ, ಕೋರ್ಟೂ ಇರಬೇಕು. ಶಾಲೆಯ ತಂಡಕ್ಕೆ ಒಮ್ಮೆಯೂ ಆಯ್ಕೆಯಾಗದ, ಹದಿನೆಂಟು ದಾಟಿದ ಹುಡುಗ ಹುಡುಗಿಯರಿಗೇ ಒಂದು ಭಾನುವಾರ ಟೂರ್ನಮೆಂಟ್ ಇಡಬಹುದಾ ಅಂತ ನಿಮ್ಮ ಪಿಟಿ ಮೇಷ್ಟ್ರನ್ನು ಕೇಳಿ ನೋಡಿ. ಒಪ್ಪಿದರೆ ಪತ್ರಿಕೆಯಲ್ಲಿ ಪ್ರಕಟಣೆ ಹಾಕುವ ಜವಾಬ್ದಾರಿ ನಮ್ಮದು. ಚೆಂಡಿನ ಖರ್ಚೂ ನಮಗೇ ಇರಲಿ.
– ಸಂ.