ಸಿ ಪ್ರೋಗ್ರಾಂ ಬ್ರೌಸರ್‌ನಲ್ಲಿ ಯಾಕೆ ಹ್ಯಾಂಗ್ ಆಗುತ್ತದೆ?

ಪ್ರಶ್ನೆ: ಎಸ್‌ಡಿಎಲ್2 (ಚಿತ್ರ, ಕೀಬೋರ್ಡ್ ಇತ್ಯಾದಿ ನೋಡಿಕೊಳ್ಳುವ ಲೈಬ್ರರಿ) ಬಳಸಿ ಸಿ ಭಾಷೆಯಲ್ಲಿ ಪುಟಿಯುವ ಚೆಂಡಿನ ಪ್ರೋಗ್ರಾಂ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಓಡುತ್ತದೆ. ಸಿ ಕೋಡನ್ನು ಬ್ರೌಸರ್‌ನಲ್ಲಿ ಓಡುವಂತೆ ಮಾಡುವ ಎಮ್‌ಸ್ಕ್ರಿಪ್ಟೆನ್‌ನಲ್ಲಿ ಕಂಪೈಲ್ ಮಾಡಿದಾಗಲೂ ಎರರ್ ಬರಲಿಲ್ಲ. ಆದರೆ ಎಚ್‌ಟಿಎಂಎಲ್ ಫೈಲನ್ನು ಡಬಲ್ ಕ್ಲಿಕ್ ಮಾಡಿದರೆ ಏನೂ ಕಾಣುವುದಿಲ್ಲ. ಲೋಕಲ್ ಸರ್ವರ್ ಮೂಲಕ ತೆರೆದರೆ ಟ್ಯಾಬೇ ಹ್ಯಾಂಗ್ ಆಗುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಡಬಲ್ ಕ್ಲಿಕ್‌ನ ವಿಷಯ ಸಣ್ಣದು. ಕಂಪೈಲ್ ಮಾಡಿದಾಗ ಎಚ್‌ಟಿಎಂಎಲ್ ಜೊತೆಗೆ ಒಂದು ಜಾವಾಸ್ಕ್ರಿಪ್ಟ್ ಫೈಲ್, ಒಂದು ವಾಸ್ಮ್ ಫೈಲ್ (ನಿಮ್ಮ ಸಿ ಕೋಡಿನ ಬ್ರೌಸರ್ ರೂಪ) ಬಂದಿರುತ್ತವೆ. ಪುಟವನ್ನು ನೇರವಾಗಿ ಡಿಸ್ಕ್‌ನಿಂದ ತೆರೆದರೆ ಸುರಕ್ಷತೆಯ ಕಾರಣಕ್ಕೆ ಬ್ರೌಸರ್ ಆ ವಾಸ್ಮ್ ಫೈಲನ್ನು ಓದಲು ಬಿಡುವುದಿಲ್ಲ. ಸರ್ವರ್ ಬೇಕೇ ಬೇಕು. ಪೈಥಾನ್‌ನ ಎಚ್‌ಟಿಟಿಪಿ ಸರ್ವರ್ ಧಾರಾಳ ಸಾಕು.

ಅಸಲಿ ತೊಂದರೆ, ಚೆಂಡನ್ನು ಮತ್ತೆ ಮತ್ತೆ ಸರಿಸಿ ಬರೆಯುವ ನಿಮ್ಮ ವೈಲ್ ಲೂಪ್‌ನಲ್ಲಿದೆ. ಬ್ರೌಸರ್‌ನಲ್ಲಿ ನಿಮ್ಮ ಕೋಡ್ ಓಡುವುದೂ, ಪುಟಕ್ಕೆ ಚಿತ್ರ ಬರುವುದೂ, ಕ್ಲಿಕ್ ಗಮನಿಸುವುದೂ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದಾದ ಮೇಲೊಂದು ಕೆಲಸ ನಡೆಯುವ ಒಂದೇ ಸಾಲಿನಲ್ಲಿ. ಮುಗಿಯದ ಲೂಪ್ ಅದನ್ನು ಹಿಡಿದು ಕೂತರೆ ಉಳಿದದ್ದೆಲ್ಲ ನಿಂತುಬಿಡುತ್ತದೆ. ನೀವು ಬರೆದ ಚೆಂಡು ಕೂಡ ಕ್ಯಾನ್ವಾಸ್‌ಗೆ (ಪುಟದಲ್ಲಿ ಚಿತ್ರ ಮೂಡುವ ಜಾಗಕ್ಕೆ) ಬರುವುದಿಲ್ಲ.

ಹಾಗಾಗಿ ಲೂಪ್‌ನ ಒಳಗಿರುವುದನ್ನೆಲ್ಲ 'ಫ್ರೇಮ್' ಎಂಬ ಬೇರೆ ಫಂಕ್ಷನ್‌ಗೆ ಹಾಕಿ. ವೈಲ್ ತೆಗೆದು, ಆ ಜಾಗದಲ್ಲಿ ಎಮ್‌ಸ್ಕ್ರಿಪ್ಟೆನ್_ಸೆಟ್_ಮೇನ್_ಲೂಪ್(ಫ್ರೇಮ್, 0, 1) ಎಂದು ಕರೆಯಿರಿ. 0 ಅಂದರೆ ಸೆಕೆಂಡಿಗೆ ಎಷ್ಟು ಸಲ ಫ್ರೇಮ್ ಕರೆಯಬೇಕು ಎಂಬುದನ್ನು ಬ್ರೌಸರ್‌ಗೇ ಬಿಟ್ಟಂತೆ. 1 ಕೊಟ್ಟರೆ ಮೇನ್ ಆ ಸಾಲನ್ನು ದಾಟುವುದಿಲ್ಲ, ಅದರ ಕೆಳಗೆ ಬರೆದದ್ದು ಓಡುವುದೂ ಇಲ್ಲ. ಚೆಂಡಿನ ಜಾಗ, ವೇಗ, ರೆಂಡರರ್ ಪಾಯಿಂಟರ್ ಇವನ್ನು ಮೇನ್‌ನಿಂದ ಹೊರಗೆ ತಂದು ಗ್ಲೋಬಲ್ ಮಾಡಿ, ಇಲ್ಲದಿದ್ದರೆ ಫ್ರೇಮ್‌ಗೆ ಸಿಗುವುದಿಲ್ಲ. ಕಾಯಲು ಹಾಕಿದ ಎಸ್‌ಡಿಎಲ್_ಡಿಲೇ ಇದ್ದರೆ ಕಿತ್ತುಹಾಕಿ.

ಇಲ್ಲೊಂದು ಕಿತಾಪತಿ ಇದೆ. ಪ್ರತಿ ಫ್ರೇಮ್‌ಗೆ 4 ಪಿಕ್ಸೆಲ್ ಅಂತ ಚೆಂಡನ್ನು ಸರಿಸಿದರೆ 60 ಹರ್ಟ್ಸ್ (ಸೆಕೆಂಡಿಗೆ 60 ಫ್ರೇಮ್) ಸ್ಕ್ರೀನ್‌ನಲ್ಲಿ ಸೆಕೆಂಡಿಗೆ 240 ಪಿಕ್ಸೆಲ್ ಹೋಗುತ್ತದೆ, 144 ಹರ್ಟ್ಸ್ ಸ್ಕ್ರೀನ್‌ನಲ್ಲಿ 576! ಎಸ್‌ಡಿಎಲ್_ಗೆಟ್‌ಟಿಕ್ಸ್‌ನಿಂದ ಕಳೆದ ಸಮಯ ನೋಡಿ, ಅದಕ್ಕೆ ತಕ್ಕಷ್ಟೇ ಸರಿಸಿ.

ಲೂಪ್ ಮುಟ್ಟದೆ ಆಗಲ್ವಾ ಅಂದರೆ, ಓಡುವ ಕೋಡನ್ನು ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಲು ಬಿಡುವ ಅಸಿಂಕಿಫೈ ಆಯ್ಕೆಯಲ್ಲಿ ಕಂಪೈಲ್ ಮಾಡಿ ಲೂಪ್ ಒಳಗೆ ಎಮ್‌ಸ್ಕ್ರಿಪ್ಟೆನ್_ಸ್ಲೀಪ್ ಕರೆಯಬಹುದು. ಆದರೆ ವಾಸ್ಮ್ ಫೈಲ್ ಊದಿಕೊಳ್ಳುತ್ತದೆ, ಓಟವೂ ನಿಧಾನ. ಸಾವಿರಾರು ಸಾಲಿನ ಹಳೇ ಕೋಡ್ ಇದ್ದರೆ ಸರಿ. ಒಂದು ಚೆಂಡಿಗೆ ಯಾಕೆ ಸುಮ್ನೆ?