ಮುದ್ದೆಯಲ್ಲಿ ಅಂಥದ್ದೇನಿದೆ?

ಪತ್ರ: ನಾನು ಧಾರವಾಡದ ಕಡೆಯವಳು. ಮದುವೆಯಾಗಿ ಮಂಡ್ಯಕ್ಕೆ ಬಂದಿದ್ದೇನೆ. ಇಲ್ಲಿ ರಾಗಿಮುದ್ದೆ ಇಲ್ಲದಿದ್ದರೆ ಊಟ ಆದ ಹಾಗೇ ಅಲ್ಲ. ಆದರೆ ಅದಕ್ಕೆ ಉಪ್ಪಿಲ್ಲ, ಖಾರವಿಲ್ಲ, ಅಗಿಯುವ ಹಾಗೂ ಇಲ್ಲ. ಜೋಳದ ರೊಟ್ಟಿಯನ್ನಾದರೆ ಹಾಗೇ ಮುರಿದು ತಿನ್ನಬಹುದು. ಮುದ್ದೆಯಲ್ಲಿ ಅಂಥದ್ದೇನಿದೆ ಹೇಳಿ.

ಸಂಪಾದಕರ ಉತ್ತರ: ಬರೀ ಮುದ್ದೆಗೆ ರುಚಿಯಿಲ್ಲ ಅನ್ನುವುದು ನಿಜ. ಆದರೆ ಬರೀ ಮುದ್ದೆಯನ್ನು ಮಂಡ್ಯದವರೂ ಉಣ್ಣುವುದಿಲ್ಲ ಅಲ್ವಾ? ರುಚಿಯೆಲ್ಲ ಸಾರಿನದು. ಬೆಂದ ರಾಗಿಹಿಟ್ಟು ಹಲ್ಲಿಗೆ ಅಂಟುತ್ತದೆ. ಅದಕ್ಕೇ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿಬಿಡುವುದು. ಹಾಗಾಗಿ ನನ್ನದೂ ಒಂದು ಪ್ರಶ್ನೆ: ನೀವು ಯಾವ ಸಾರಿನ ಜೊತೆ ಉಂಡಿರಿ?

ಬೇಳೆಸಾರು ಆಗಿದ್ದರೆ ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಮುದ್ದೆಗೆ ಹೇಳಿ ಮಾಡಿಸಿದ್ದು ಉಪ್ಸಾರು ಮತ್ತು ಬಸ್ಸಾರು. ಎರಡಕ್ಕೂ ಸೊಪ್ಪು, ಕಾಳು ಬೇಯಿಸಿ ನೀರು ಬಸಿಯಬೇಕು. ಉಪ್ಸಾರಿಗೆ ಆ ನೀರಿನಲ್ಲಿ ಉಪ್ಪು ಬಿಟ್ಟರೆ ಜಾಸ್ತಿ ಏನೂ ಇರುವುದಿಲ್ಲ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಅರೆದ ಖಾರ ತಟ್ಟೆಯ ಅಂಚಿನಲ್ಲಿರುತ್ತದೆ. ಎಷ್ಟು ಕಲಸಿಕೊಳ್ಳಬೇಕು ಅನ್ನುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಬಸ್ಸಾರಿಗಾದರೆ ಬಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿ ಕುದಿಸುತ್ತಾರೆ. ಉಳಿದ ಸೊಪ್ಪು-ಕಾಳು ಪಲ್ಯಕ್ಕಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ಅಡುಗೆ! ಇನ್ನು ನಾಟಿಕೋಳಿ ಸಾರಿನ ವಿಷಯ ನಿಮ್ಮ ಮನೆಯವರೇ ಹೇಳಿರುತ್ತಾರೆ.

ಇಲ್ಲಿಯ ಜನ ರಾಗಿಗೆ ಯಾಕೆ ಅಂಟಿಕೊಂಡರು ಅಂದರೆ, ಮಳೆ ನಂಬಿ ಬದುಕುವ ಸೀಮೆಗೆ ಇದಕ್ಕಿಂತ ಗಟ್ಟಿ ಬೆಳೆ ಸಿಗಲಿಲ್ಲ. ಮೂಲತಃ ಇದು ಪೂರ್ವ ಆಫ್ರಿಕಾದ್ದು. ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದಾಯಿತು. ಈಗ ದೇಶದ ಅರ್ಧಕ್ಕಿಂತ ಹೆಚ್ಚು ರಾಗಿ ಕರ್ನಾಟಕದಲ್ಲೇ ಬೆಳೆಯುತ್ತದೆ. ಹಳೇ ಮೈಸೂರು ಕಡೆ ನೆಲದಲ್ಲಿ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದರು. ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಬರ ಬಂದರೆ ಹಗೇವಿನ ಬಾಯಿ ತೆಗೆಯುವುದು. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತ ಮತ್ತು ರಾಗಿ ಜಗಳವಾಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿಯೇ ಹೊರಬರುತ್ತದೆ. ಕಣಜ ಕಂಡವರಿಗಷ್ಟೇ ಹೊಳೆಯುವ ಕತೆ ಅದು.

ನಿಮ್ಮ ಮಂಡ್ಯಕ್ಕೂ ಇದರಲ್ಲಿ ಪಾಲಿದೆ. ಅಲ್ಲಿನ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ತಂದರು. ಇಳುವರಿ ಚೆನ್ನಾಗಿ ಏರಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು.

ಆರೋಗ್ಯದ ಮಾತು ಒಂದಿಷ್ಟು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಮುದ್ದೆ ತಿಂದರೆ ಶುಗರ್ ಹತ್ತಿರ ಸುಳಿಯಲ್ಲ ಅನ್ನುವವರನ್ನು ಸುಮ್ನೆ ನಂಬಬೇಡಿ. ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಎರಡೆರಡು ಮುದ್ದೆ ಉಂಡು ಹೊಲದಲ್ಲಿ ದುಡಿಯುವುದು ಬೇರೆ, ಉಂಡು ಕುರ್ಚಿಯಲ್ಲಿ ಕೂರುವುದು ಬೇರೆ.

ಮುದ್ದೆ ಚೆನ್ನಾಗಿ ಆಗುವುದು ಹಿಟ್ಟು ಬೇಯುವುದರಲ್ಲಿದೆ. ಎಸರು ಕುದಿಯುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಸ್ವಲ್ಪ ಹೊತ್ತು ಕೈ ಹಾಕದೆ ಬಿಡಬೇಕು. ಎಸರು ಅದರ ಮೇಲೆ ಉಕ್ಕಿ ಬಂದ ಮೇಲೆ ಕೋಲು ಹಾಕಿ ಗಂಟಿಲ್ಲದಂತೆ ತಿರುವಬೇಕು. ಅವಸರ ಮಾಡಿದರೆ ಒಳಗೆ ಹಸಿಹಿಟ್ಟು ಉಳಿಯುತ್ತದೆ. ಅಂಥ ಮುದ್ದೆ ಯಾರಿಗೂ ಸೇರದು.

ಅವರೆಕಾಯಿ ಕಾಲ ಬಂದಾಗ ಹಿತಕಿದಬೇಳೆ (ನೆನೆಸಿ, ಹಿಸುಕಿ ಸಿಪ್ಪೆ ತೆಗೆದ ಅವರೆಕಾಳು) ಸಾರಿನ ಜೊತೆ ಮತ್ತೊಮ್ಮೆ ಉಂಡು ನೋಡಿ. ತುತ್ತು ಚಿಕ್ಕದಿರಲಿ, ಸಾರು ಧಾರಾಳವಿರಲಿ. ಕಾಳು ಹಿತಕುವುದಕ್ಕೆ ಮಾತ್ರ ಮನೆಯವರನ್ನೆಲ್ಲ ಕೂರಿಸಿಕೊಳ್ಳಿ. ಒಬ್ಬರೇ ಕೂತರೆ ಮಧ್ಯಾಹ್ನದ ಊಟ ರಾತ್ರಿಗೆ ಹೋದೀತು.